ಜೊತೆಗಿನ್ನೇನು ಮೇಷ್ಟ್ರು

ಎದುರಿಗೆ ಬಂದು ಕೂತ ರೋಗಿಗಳಲ್ಲಿ ಮೇಷ್ಟ್ರು ಮೊದಲು ನೋಡುತ್ತಿದ್ದುದು ಮುಖವನ್ನಲ್ಲ, ಕೈಚೀಲವನ್ನು. ನಾಡಿ, ನಾಲಗೆ, ರಕ್ತದ ವರದಿ ಎಲ್ಲ ಆಮೇಲೆ.

"ಮಾತ್ರೆ ಗೊತ್ತಾಯ್ತು. ಜೊತೆಗಿನ್ನೇನು ತಗೋತೀರಿ?"

ಏನೂ ಇಲ್ಲ ಎಂದವರ ಎದುರು ಅವರು ಸುಮ್ಮನೆ ಕಾಯುತ್ತಿದ್ದರು. ಆ ಮೌನ ತಡೆಯಲಾರದೆ ಚೀಲದ ತಳದಿಂದ ಕಷಾಯದ ಸೀಸೆಯೊಂದು ಮೆಲ್ಲಗೆ ತಲೆಯೆತ್ತುತ್ತಿತ್ತು.

"ಇದು ಔಷಧಿ ಅಲ್ಲ ಸಾರ್, ಬರೀ ಬೇರು."

"ಕೆಲಸ ಮಾಡುತ್ತೆ ಅಂತ ತಾನೇ ಕುಡಿಯೋದು? ಕೆಲಸ ಮಾಡೋದು ಎಡವಟ್ಟೂ ಮಾಡಬಹುದು."

ಗಿಡಮೂಲಿಕೆ ಕಾಲೇಜಿನ ವಿದ್ಯಾರ್ಥಿಗಳು ಅವರಿಗೆ 'ಜೊತೆಗಿನ್ನೇನು' ಎಂಬ ಪ್ರಶ್ನೆಯನ್ನೇ ಹೆಸರಾಗಿ ಇಟ್ಟಿದ್ದರು. ಬೇಲಿಯ ಪ್ರತಿ ಬಳ್ಳಿಗೂ ನಿಂತು ಕುಶಲ ವಿಚಾರಿಸುವಂಥ ನಡಿಗೆ. ತೊಗಟೆ ಬೀಜಗಳಿಂದ ಉಬ್ಬಿದ ಜೇಬುಗಳ, ಎಷ್ಟು ಒಗೆದರೂ ಶುಂಠಿಯ ಘಮ ಬಿಡದ ಬಿಳಿ ಕೋಟು. ಮೂಲಿಕೆಗಳನ್ನು ಅಷ್ಟು ಪ್ರೀತಿಸುವವರೇ ಪ್ರಯೋಗಾಲಯದಲ್ಲಿ ಅವುಗಳ ದೋಷ ಹುಡುಕುತ್ತಿದ್ದುದರಿಂದ, ಸಹೋದ್ಯೋಗಿಗಳಿಗೆ ಅವರು ಉಂಡ ಮನೆಗೆ ಎರಡು ಬಗೆಯುವವರು. ಆಚೆಯ ದೊಡ್ಡಾಸ್ಪತ್ರೆಯವರಿಗೆ ಬರೀ ಸೊಪ್ಪಿನ ಪಂಡಿತರು.

ಅವರನ್ನು ತಾಯಿಯಂತೆ ಸಾಕಿದ ಅಕ್ಕನಿಗೆ ಅದೇ ದೊಡ್ಡಾಸ್ಪತ್ರೆಯಲ್ಲಿ ಸೊಂಟದ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ರಕ್ತ ತೆಳುವಾಗಿಸುವ ಮಾತ್ರೆಯನ್ನು ವೈದ್ಯರು ಮೊದಲೇ ನಿಲ್ಲಿಸಿದ್ದರು. ಹಿಂದಿನ ಸಂಜೆ ವಾರ್ಡಿಗೆ ಹೋದ ಮೇಷ್ಟ್ರ ಕಣ್ಣು ಅಭ್ಯಾಸಬಲದಿಂದ ಅಕ್ಕನ ಚೀಲಕ್ಕೆ ಹೋಯಿತು. ಒಳಗೆ, ಸೀರೆಯ ಮಡಿಕೆಯಲ್ಲಿ, ತಾವೇ ಮಾಡಿಕೊಟ್ಟ ಬೆಳ್ಳುಳ್ಳಿ ಸತ್ವದ ಗುಳಿಗೆಗಳ ಡಬ್ಬಿ. ಅದೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಲ್ಲದು ಎಂದು ವರ್ಷವರ್ಷವೂ ಪಾಠ ಹೇಳಿದವರು ಅವರೇ.

"ಅಕ್ಕ, ಇದನ್ನ ಡಾಕ್ಟರಿಗೆ ಹೇಳಿದ್ಯಾ?"

"ಏನಂತ ಹೇಳಲಿ? ಅವರು ಔಷಧಿ ಕೇಳಿದ್ರು. ಇದು ನೀನು ಕೊಟ್ಟಿದ್ದು."

"ಇವತ್ತೂ ತಗೊಂಡ್ಯಾ?"

"ನೀನು ಬಿಡು ಅಂದಿಲ್ವಲ್ಲ. ಊರಿಗೆಲ್ಲ ಕೇಳ್ತೀಯ, ನನ್ನನ್ನ ಒಂದಿನ ಕೇಳಿದ್ಯೇನೋ?"

ಮೇಷ್ಟ್ರು ಡಬ್ಬಿ ಹಿಡಿದು ನೇರ ಶಸ್ತ್ರವೈದ್ಯರ ಕೋಣೆಗೆ ನಡೆದರು. ದಾರಿಯ ಹೂಕುಂಡಗಳ ಬಳಿ ಅಂದು ನಿಲ್ಲಲಿಲ್ಲ. "ನಾನೇ ಮಾಡಿಕೊಟ್ಟಿದ್ದು, ನಿಲ್ಲಿಸೋಕೆ ಮರೆತೆ," ಎಂದರು. ಸೊಪ್ಪಿನ ಪಂಡಿತ ಎಂದು ಆಡಿಕೊಂಡವರಲ್ಲಿ ಆ ವೈದ್ಯರೂ ಒಬ್ಬರು. ಡಬ್ಬಿಯನ್ನು ತಿರುಗಿಸಿ ನೋಡಿ, ನಗದೆ, ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರು. ನೋವನ್ನು ಮತ್ತಷ್ಟು ದಿನ ಸಹಿಸಬೇಕಾದ ಅಕ್ಕ ತಮ್ಮನೊಡನೆ ಮಾತು ಬಿಟ್ಟಳು.

ಶಸ್ತ್ರಚಿಕಿತ್ಸೆ ಸುಸೂತ್ರವಾದ ಮೇಲೆ ಮೇಷ್ಟ್ರು ಅಳುಕುತ್ತಲೇ ವಾರ್ಡಿಗೆ ಹೋದರು. ಅಕ್ಕ ಬಾಗಿಲಿಗೆ ಬೆನ್ನುಮಾಡಿ ಮಲಗಿ, ಪಕ್ಕದ ಹಾಸಿಗೆಯಾಕೆಯನ್ನು ವಿಚಾರಿಸುತ್ತಿದ್ದಳು: "ಮಾತ್ರೆ ಇರಲಿ ಕಣಮ್ಮ, ಜೊತೆಗಿನ್ನೇನು ತಗೋತೀಯ?"

ಒಂದು ವಿದ್ಯೆಯನ್ನು ಹೊಗಳುವವರು ಬಹಳ, ಹಳಿಯುವವರೂ ಬಹಳ. ಅದರ ಮೇಲಿನ ಮಮತೆಯಿಂದಲೇ ಅದನ್ನು ಸಂಶಯಿಸುವವರು ವಿರಳ. ಅಂಥವರ ಸಂಶಯವೂ ಪ್ರೀತಿಯ ಹೊಸ್ತಿಲಲ್ಲಿ ಒಮ್ಮೆ ಕಣ್ಣುಮುಚ್ಚಬಹುದು. ಎಚ್ಚೆತ್ತೊಡನೆ ಡಬ್ಬಿ ಹಿಡಿದು ಎದ್ದು ನಡೆಯುತ್ತಾರೆ ಎಂಬುದೇ ಅವರ ದೊಡ್ಡತನ.