ಕಾಲುಭಾಗ ಮಾಯವಾದ ಹನಿ

ನಾವೆಲ್ಲ ಮರಾಠಿ ರೂಢಿಯಂತೆ ಗೌರವದಿಂದ ‘ಬಾಯಿ’ ಎನ್ನುತ್ತಿದ್ದ ನಲಿನಿ ಆಗಾಶೆಯವರು ನಡೆಯುವಾಗ ಬಲಗೈಯ ತೋರುಬೆರಳು ಗಾಳಿಯಲ್ಲಿ ಸದಾ ಏನನ್ನೋ ತಿದ್ದುತ್ತಿತ್ತು. ಪುಣೆಯ ನಮ್ಮ ಹವಾಮಾನ ಸಂಸ್ಥೆಯಲ್ಲಿ ಮೂವತ್ತು ವರ್ಷ ಮೋಡಗಳ ಭೌತಶಾಸ್ತ್ರವನ್ನು ಅರೆದು ಕುಡಿದ ಈ ವಿದುಷಿ, ಐವತ್ತಾರನೆಯ ವಯಸ್ಸಿನಲ್ಲಿ, ಮೇ ತಿಂಗಳ ಬೇಗೆಯಲ್ಲೂ ಕಂಪ್ಯೂಟರ್ ಕೋಣೆಯ ಚಳಿಗೆಂದು ಬೂದು ಸ್ವೆಟರ್ ತೊಟ್ಟು, ಯಾರ ಹಂಗೂ ಇಲ್ಲದೆ ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಂ ಭಾಷೆ ಕಲಿಯಲು ಕುಳಿತಿದ್ದರು. ಪೈಥಾನ್‌ನಲ್ಲಿ ಬರೆದ ಅವರ ಹಳೆಯ ಪ್ರೋಗ್ರಾಂ ಒಂದು ಮೋಡವನ್ನು ಮಳೆಯಾಗಿಸಲು ಹನ್ನೊಂದು ದಿನ ತೆಗೆದುಕೊಳ್ಳುತ್ತಿತ್ತು. ಹೊಸ ಭಾಷೆಯಲ್ಲಿ ಅದು ಒಂದು ಮಧ್ಯಾಹ್ನದ ಕೆಲಸ.

ಬರೆದದ್ದನ್ನೆಲ್ಲ ಯಂತ್ರದ ಮಾತಿಗೆ ಇಳಿಸುವ ಕಂಪೈಲರ್ ಎಂದರೆ ಅವರಿಗೆ ಕಟ್ಟುನಿಟ್ಟಿನ ಮೇಷ್ಟರು. ಒಂದು ಅರ್ಧವಿರಾಮ ಬಿಟ್ಟರೂ ಅದು ತೆರೆಯ ತುಂಬ ತಪ್ಪುಗಳನ್ನು ಕಾರುತ್ತಿತ್ತು. “ಆಯ್ತಪ್ಪಾ, ತಪ್ಪಾಯ್ತು” ಎಂದು ಬಾಯಿಯವರು ತೆರೆಗೇ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಕೊನೆಗೊಂದು ದಿನ ಅದು ಚಕಾರ ಎತ್ತದೆ ಒಪ್ಪಿಕೊಂಡಿತು. ಆದರೆ ಬಂದ ಮಳೆ, ಆರು ವರ್ಷದ ಹಿಂದೆ ಆ ಹಳೆಯ ಪ್ರೋಗ್ರಾಂನ ಲೆಕ್ಕದ ಮೇಲೆ ನಿಂತು ಅವರಿಗೆ ಹೆಸರು ತಂದ ಸಂಶೋಧನಾ ಪ್ರಬಂಧದ ಮಳೆಗಿಂತ ತೀರ ಕಡಿಮೆ! ಅಂದಿನಿಂದ ಅವರಿಗೆ ಊಟ ಸೇರಲಿಲ್ಲ. ತಪ್ಪು ಹಳೆಯ ಲೆಕ್ಕದ್ದೇ ಎಂದು ತೀರ್ಮಾನಿಸಿ, ಪ್ರಬಂಧವನ್ನು ಹಿಂದಕ್ಕೆ ಪಡೆಯುವ ಪತ್ರವನ್ನು ಕೈಯಾರೆ ಬರೆದು ಚೀಲದಲ್ಲಿಟ್ಟುಕೊಂಡರು. ಸೋಮವಾರ ಕಳಿಸುವುದೆಂದು ನಿಶ್ಚಯವಾಗಿತ್ತು.

ಶುಕ್ರವಾರ ಕ್ಯಾಂಟೀನಿನಲ್ಲಿ ಪಕ್ಕದ ಕೋಣೆಯ ಹೇರಂಬ ಪಟವರ್ಧನರು ತಡೆಯಲಾರದೆ ಬಾಯಿಬಿಟ್ಟರು. “ಅಲ್ಲಾ ಬಾಯಿ, ಮೊನ್ನೆ ಕಲಿತ ಭಾಷೇಲಿ ಬರೆದಿದ್ದು ಸರಿ, ಆರು ವರ್ಷದ್ದು ತಪ್ಪು ಅಂತೀರಲ್ಲ, ತಲೆ ನೆಟ್ಟಗಿದೆಯಾ? ಪೋಹೆ ಆರ್ತಾ ಇದೆ, ತಿನ್ನಿ ಮೊದಲು.”

“ಕಂಪೈಲರ್ ಒಪ್ಕೊಂಡಿದೆ, ಹೇರಂಬರಾವ್. ಅದು ಸುಲಭಕ್ಕೆ ಒಪ್ಪೋ ಪ್ರಾಣಿ ಅಲ್ಲ.”

“ನೀವು ಬರೆದ ರೀತಿ ಒಪ್ಪಿದೆ ಅಷ್ಟೆ. ಹನಿ ಎಷ್ಟು ದಪ್ಪ ಅಂತ ಅದಕ್ಕೇನು ಗೊತ್ತು? ಒಂದೇ ಒಂದು ಹನೀನ ಕೈಯಲ್ಲಿ ಲೆಕ್ಕ ಹಾಕಿ ನೋಡಿದ್ರಾ?”

ಬಾಯಿಯವರು ಚೀಲಕ್ಕೆ ಕೈಹಾಕಿ ಆ ಪತ್ರವನ್ನು ಹೊರತೆಗೆದರು. ಮೊದಲ ಹನಿಯ ಲೆಕ್ಕವನ್ನು ಪೆನ್ಸಿಲಿನಲ್ಲೇ ಮಾಡಬೇಕೆಂದು ಶಿಷ್ಯರನ್ನು ಗೋಳುಹೊಯ್ದುಕೊಳ್ಳುತ್ತಿದ್ದ ಈಕೆ, ಹೊಸ ಭಾಷೆಯ ಭಯದಲ್ಲಿ ತಾವೇ ಆ ಪಾಠ ಮರೆತಿದ್ದರು. ಅವಲಕ್ಕಿಯ ತಟ್ಟೆ ಸರಿಸಿ, ಆ ಪತ್ರದ ಹಿಂಬದಿಯಲ್ಲೇ ಗುಣಿಸಿದರು. ಗೋಳದ ಗಾತ್ರಕ್ಕೆ ನಾಲ್ಕನ್ನು ಮೂರರಿಂದ ಭಾಗಿಸಬೇಕು. ಎರಡೂ ಪೂರ್ಣಾಂಕಗಳಾದ್ದರಿಂದ, ಪೈಥಾನಿನ ಹಾಗಲ್ಲದೆ, ಹೊಸ ಭಾಷೆ ಉತ್ತರವನ್ನು ಬರೀ ಒಂದು ಎಂದು ಹಿಡಿದು, ಮಿಕ್ಕ ಭಿನ್ನರಾಶಿಯನ್ನು ಸದ್ದಿಲ್ಲದೆ ಎಸೆದಿತ್ತು. ಅರ್ಧವಿರಾಮಕ್ಕೆ ರಂಪ ಮಾಡಿದ ಮೇಷ್ಟರು ಪ್ರತಿ ಹನಿಯಿಂದ ಕಾಲುಭಾಗ ನೀರು ಮಾಯವಾದರೂ ತುಟಿ ಬಿಚ್ಚಿರಲಿಲ್ಲ.

“ಕಳಿಸೇಬಿಡ್ತಿದ್ದೆನಲ್ಲ!” ಎಂದು ಬಾಯಿಯವರು ಎಲ್ಲರೆದುರು ಅತ್ತುಬಿಟ್ಟರು.

ಒಂದು ಶಾಸ್ತ್ರದಲ್ಲಿ ಪಳಗಿ, ಇಳಿವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಗಳಾಗುವ ಇಂಥವರು ತಮಗೆ ಗೊತ್ತಿರುವುದನ್ನೆಲ್ಲ ಪಣಕ್ಕಿಟ್ಟು ಕಲಿಯುತ್ತಾರೆ. ಯಂತ್ರಕ್ಕೂ ತಮಗೂ ಜಗಳ ಬಂದರೆ ಮೊದಲು ತಮ್ಮ ಮೇಲೆಯೇ ತೀರ್ಪು ಬರೆಯುತ್ತಾರೆ. ಆ ಪ್ರಾಮಾಣಿಕತೆಗೆ ಕೈಮುಗಿಯುತ್ತೇನೆ. ಆದರೆ ಅಂಥ ಎಷ್ಟೋ ಮಂದಿಯ ಪಕ್ಕದ ಕೋಣೆಯಲ್ಲಿ ಹೇರಂಬರಾಯರಂಥವರು ಯಾರೂ ಇಲ್ಲವಲ್ಲ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.