ಹೊರಾಸಿಯೊ ಅಳಿಸಿದ ಗುರುತು

ಹೊರಾಸಿಯೊ ಬ್ರುನೆತ್ತಿಯ ಬಲಗಾಲಿನ ಶೂ ಯಾವಾಗಲೂ ಎಡಗಾಲಿನದಕ್ಕಿಂತ ಮೊದಲು ಸವೆಯುತ್ತಿತ್ತು. ಓಡಿ ಸವೆದದ್ದಲ್ಲ, ಅಳಿಸಿ ಸವೆದದ್ದು ಎಂದು ನಮ್ಮ ಟೆನಿಸ್ ಕ್ಲಬ್ಬಿನಲ್ಲಿ ನಗೆಯಾಡುತ್ತಿದ್ದರು. ಇಟ್ಟಿಗೆ ಪುಡಿಯ ನಮ್ಮ ಅಂಗಳಗಳಲ್ಲಿ ಚೆಂಡು ಬಿದ್ದಲ್ಲೆಲ್ಲ ಗುರುತು ಉಳಿಯುತ್ತದೆ. ತಕರಾರು ಬಂದರೆ ಅಂಪೈರ್ ಎತ್ತರದ ಕುರ್ಚಿಯಿಂದ ಇಳಿದು ಬಂದು ಬಗ್ಗಿ ನೋಡಬೇಕು. ಅದಕ್ಕೆ ಮೊದಲೇ ಆಟಗಾರ ತನ್ನ ಕಡೆ ಬಿದ್ದ ಗುರುತನ್ನು ಕಾಲಿನಿಂದ ತಿಕ್ಕಿಬಿಟ್ಟರೆ, ಚೆಂಡು ಒಳಗೇ ಬಿದ್ದಿತ್ತು, ಪಾಯಿಂಟು ಎದುರಾಳಿಗೇ ಸೇರಬೇಕು ಎಂದು ಒಪ್ಪಿಕೊಂಡಂತೆ. ಉಳಿದವರು ಈ ಔದಾರ್ಯವನ್ನು ಗೆಲುವು ಖಾತ್ರಿಯಾದ ದಿನಕ್ಕೆಂದು ಕಾದಿರಿಸಿಕೊಳ್ಳುತ್ತಿದ್ದರು. ಹೊರಾಸಿಯೊನಿಗೆ ಅಂಥ ಮುಹೂರ್ತ ಬೇಕಿರಲಿಲ್ಲ.

ಬಲಭುಜವನ್ನು ಒಂದಿಷ್ಟು ತಗ್ಗಿಸಿ, ಕಾಣದ ಬಕೆಟ್ಟೊಂದನ್ನು ಹೊತ್ತವನಂತೆ ನಡೆಯುವ ನೀಳಕಾಯದ ಮನುಷ್ಯ. ಬೇಸಿಗೆಯಲ್ಲೂ ಬಿಡದ, ಜಿಪ್ಪು ಕೆಟ್ಟ ನೀಲಿ ಜಾಕೆಟ್ಟು. ಮೊಣಕೈಯ ಬಳಿ ಇಟ್ಟಿಗೆಯ ಕೆಂಪು ಎಷ್ಟು ಇಳಿದಿತ್ತೆಂದರೆ ಅಲ್ಲಿನ ಮೂಲ ನೀಲಿ ಅವನ ಹೆಂಡತಿ ನೊರ್ಮಾಳಿಗೂ ನೆನಪಿರಲಿಲ್ಲ. ಸೋತರೂ ಗೆದ್ದರೂ ಅವನ ಬಾಯಲ್ಲಿ ಒಂದೇ ಮಾತು: "ಸರಿ, ಆಯ್ತಲ್ಲ." ನಾನು ರ‍್ಯಾಕೆಟ್ಟುಗಳಿಗೆ ತಂತಿ ಬಿಗಿಯುವ ಕೋಣೆಗೆ ಬಂದು, ನಮ್ಮ ಕಡೆಯ ಕಹಿ ಮಾತೆ ಚಹಾ ತುಂಬಿದ ಸೋರೆಬುರುಡೆಯನ್ನು ನನ್ನ ಕೈಗಿತ್ತು, ಅದನ್ನೇ ಹೇಳಿ ಕೂರುತ್ತಿದ್ದ.

"ಏನಯ್ಯಾ ಸಣಕಲ, ಅಂಪೈರ್ ಔಟ್ ಅಂದ ಮೇಲೂ ನಿಂಗ್ಯಾಕೆ ಉಸಾಬರಿ? ಅವನಿಗೆ ಸಂಬಳ ಕೊಡ್ತಾರೆ, ನಿಂಗಾ?" ಎಂದು ಒಮ್ಮೆ ಕೆಣಕಿದೆ.

"ಕಣ್ಣೆದುರಿಗೇ ಬಿದ್ದಿರುತ್ತಲ್ಲೋ, ನೋಡದೆ ಹೇಗಿರೋದು?" ಎಂದ, ನಾನೇ ಏನೋ ವಿಚಿತ್ರ ಕೇಳಿದವನಂತೆ.

ಹದಿನಾರು ವರ್ಷ ಅವನು ಈ ಕೆಂಪು ಅಂಗಳಗಳ ಮೇಲೆ ಜಾರಿ ಜಾರಿ ಆಡಿದ. ನಾಲ್ಕು ಸಲ ಫೈನಲ್ ತಲುಪಿದ. ಒಂದೂ ಕಪ್ ಕೈಗೆ ಬರಲಿಲ್ಲ. ಅದರ ಹಂಬಲ ಅವನಿಗೆ ಇರಲಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹೋಟೆಲುಗಳಲ್ಲಿ ನಿದ್ದೆಗಣ್ಣಿನಲ್ಲಿ ಕಪ್ಪಿನ ಹಿಡಿಕೆಗಳನ್ನು ಹಿಡಿದಂತೆ ಕೈ ಎತ್ತುತ್ತಿದ್ದನಂತೆ, ನೊರ್ಮಾ ಹೇಳಿ ನಗುತ್ತಿದ್ದಳು. ಆ ಶರತ್ಕಾಲ, ಪರಾನಾ ನದಿಯ ದಂಡೆಯ ನಮ್ಮದೇ ಊರಿನ ಟೂರ್ನಿಗೆ ಅವನು ಇಳಿದಾಗ ವಯಸ್ಸು ಮೂವತ್ತೈದು, ಮೊಣಕಾಲಿನ ಚಿಪ್ಪು ಸವೆದುಹೋಗಿತ್ತು. ಇದಾದ ಮೇಲೆ ಆಟ ಸಾಕು ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು. ಹೀಗಾಗಿ ಅದು ಕೊನೆಯ ಅವಕಾಶವೆಂಬುದು ನಮಗೆಲ್ಲರಿಗೂ ತಿಳಿದಿತ್ತು.

ಫೈನಲ್ಲಿನಲ್ಲಿ ಎದುರಾಳಿ ಉರ್ರೂತಿಯಾ, ಇಪ್ಪತ್ತೆರಡು ವರ್ಷದ ಚಿಲಿಯವನು. ಮೂರನೆಯ ಸೆಟ್ಟಿನ ಕೊನೆಯಲ್ಲಿ ಹೊರಾಸಿಯೊನ ಗೆಲುವಿಗೆ ಒಂದೇ ಪಾಯಿಂಟು ಬಾಕಿ ಇದ್ದಾಗ, ಉರ್ರೂತಿಯಾನ ಚೆಂಡು ಹಿಂದಿನ ಗೆರೆಯ ಎಡಮೂಲೆಯನ್ನು ಸವರಿ ಹೋಯಿತು. ಅದು ಒಳಗೇ ಬಿದ್ದಿತ್ತು, ಯಾರಿಗೂ ಅನುಮಾನವಿರಲಿಲ್ಲ. ಆ ಪಾಯಿಂಟು ಹೋದರೂ ಹೊರಾಸಿಯೊನಿಗೆ ಗೆಲ್ಲಲು ಇನ್ನೊಂದು ಅವಕಾಶ ಉಳಿದಿತ್ತು. ಮುಂದಿನ ಪಾಯಿಂಟಿನಲ್ಲೂ ಉರ್ರೂತಿಯಾ ಅದೇ ಮೂಲೆಗೇ ಹೊಡೆದ, ಚೆಂಡು ಹೊರಾಸಿಯೊನನ್ನು ದಾಟಿಹೋಯಿತು, ಗೆರೆಯ ಬಳಿ ನಿಂತ ತೀರ್ಪುಗಾರ "ಔಟ್!" ಎಂದು ಕೂಗಿದ. ಊರಿಗೆ ಊರೇ ಎದ್ದು ನಿಂತಿತು. ನೊರ್ಮಾ ಮುಖ ಮುಚ್ಚಿಕೊಂಡು ಅತ್ತಳು. ಉರ್ರೂತಿಯಾ ಮಾತ್ರ ಬೆರಳೆತ್ತಿ, ಗುರುತು ನೋಡಿ ಎಂದು ಬೇಡಿಕೊಳ್ಳುತ್ತಿದ್ದ.

ಅಂಪೈರ್ ಕುರ್ಚಿಯಿಂದ ಇಳಿಯುವಷ್ಟರಲ್ಲಿ ಹೊರಾಸಿಯೊ ಕುಂಟುತ್ತ ಮೂಲೆಗೆ ಹೋಗಿದ್ದ. ಬಗ್ಗಿದ, ನೋಡಿದ. ಆಮೇಲೆ ಬಲಗಾಲಿನಿಂದ ಗುರುತನ್ನು ತಿಕ್ಕಿಬಿಟ್ಟ. ಪಾಯಿಂಟು ಹೋಯಿತು, ಆ ಗೇಮು ಹೋಯಿತು, ಮೊಣಕಾಲೂ ಕೈಕೊಟ್ಟಿತು; ಅರ್ಧ ಗಂಟೆಯಲ್ಲಿ ಪಂದ್ಯ ಉರ್ರೂತಿಯಾನದಾಯಿತು.

ಜನ ಬಹುಮಾನದ ವೇದಿಕೆಯತ್ತ ಸರಿಯುತ್ತಿದ್ದಾಗ, ಅಂಗಳ ನೋಡಿಕೊಳ್ಳುವ ಮುದುಕ ದೋನ್ ಫೆರ್ಮಿನ್ ನನಗೆ ಸನ್ನೆ ಮಾಡಿದ. ಗುರುತುಗಳನ್ನು ಅಳಿಸಲು ಪುಡಿಯ ಮೇಲೆ ಎಳೆಯುವ ಚಾಪೆಯ ಹಗ್ಗ ಅವನ ಕೈಯಲ್ಲಿತ್ತು. ಎಡಮೂಲೆಯಲ್ಲಿ, ತಿಕ್ಕಿದ ಕಲೆಯಿಂದ ಒಂದು ಗೇಣು ಆಚೆಗೆ, ಗೆರೆಯ ಹೊರಗೆ, ಅದಕ್ಕೂ ತನಗೂ ಎರಡು ಬೆರಳು ಅಂತರ ಬಿಟ್ಟು, ಇನ್ನೊಂದು ಗುರುತು ಸ್ಪಷ್ಟವಾಗಿ ಕೂತಿತ್ತು. ಔಟ್ ಎಂದು ಕೂಗಿದ ಚೆಂಡಿನ ಗುರುತು ಇದು; ಹೊರಾಸಿಯೊ ಅಳಿಸಿದ್ದು ಅದರ ಹಿಂದಿನ ಪಾಯಿಂಟಿನ ಚೆಂಡಿನದು.

"ಹಳೇದನ್ನ ತಿಕ್ಕಿಬಿಟ್ಟನಲ್ಲಪ್ಪಾ," ಎಂದ ಫೆರ್ಮಿನ್.

ಆಗಲೇ ಹಿಂದಿನಿಂದ ನೆರಳು ಬಿತ್ತು. ಜಾಕೆಟ್ಟು ಹಾಕಿಕೊಂಡು ಹೊರಾಸಿಯೊ ನಿಂತಿದ್ದ. ನಾವು ಮುಚ್ಚಿಡುವಂತಿರಲಿಲ್ಲ. ಅವನು ಬಗ್ಗಿ ಅದನ್ನು ನೋಡಿದ.

"ಆ ಚಿಲಿಯವನಿಗೆ ಗೊತ್ತಾ?"

"ಇಲ್ಲ. ನಮ್ಮ ಮೂವರಿಗೇ," ಎಂದೆ.

"ಅವನಿಗಿದು ಮೊದಲನೇ ಕಪ್ಪು, ದೋನ್ ಫೆರ್ಮಿನ್. ಚಾಪೆ ಎಳೆದುಬಿಡಿ."

ಮುದುಕ ಅಲ್ಲಾಡಲಿಲ್ಲ. ಹೊರಾಸಿಯೊ ಅವನ ಕೈಯಿಂದ ಹಗ್ಗ ತೆಗೆದುಕೊಂಡು ತಾನೇ ಎಳೆದ, ಮೂಲೆಯಿಂದ ಮೂಲೆಗೆ, ಕುಂಟುತ್ತ. ವೇದಿಕೆಯ ಮೇಲೆ ಉರ್ರೂತಿಯಾ ಅವನನ್ನು ತಬ್ಬಿಕೊಂಡು, "ಇಂಥ ಸಜ್ಜನನ ಎದುರು ಗೆದ್ದದ್ದೇ ನನ್ನ ಪುಣ್ಯ" ಎಂದ. ಕ್ಲಬ್ಬಿನ ಅಧ್ಯಕ್ಷರು ಸತ್ಯಸಂಧತೆಯ ಬಗ್ಗೆ ಕಾಲು ಗಂಟೆ ಮಾತಾಡಿದರು. ಹೊರಾಸಿಯೊನ ಕಣ್ಣು ತುಂಬಿತು. ವಿನಯವೆಂದು ಜನ ಚಪ್ಪಾಳೆ ತಟ್ಟಿದರು.

ಅದು ವಿನಯವಲ್ಲವೆಂದು ನಾನು ಕಿವಿಯಾರೆ ಕೇಳಿದ್ದೇನೆ. ನನ್ನ ಕೋಣೆಗೆ ರ‍್ಯಾಕೆಟ್ಟು ಒಯ್ಯಲು ಬಂದವನು, ನೊರ್ಮಾ ಅವನ ಬೆನ್ನು ಸವರುತ್ತಿದ್ದಾಗ, ಆ ಹಳೆಯ "ಸರಿ, ಆಯ್ತಲ್ಲ" ಎಂಬುದನ್ನು ಹೇಳಲು ಹೊರಟು, ಅರ್ಧಕ್ಕೇ ತಡೆದು ಅವಳ ಹೆಗಲಿಗೆ ಹಣೆಯಿಟ್ಟ.

"ಗೆದ್ದಿದ್ದೆ ಕಣೇ," ಎಂದ. "ನಾನು ಗೆದ್ದಿದ್ದೆ."

ಇಂಥವರನ್ನು ನಾವು ಪ್ರಾಮಾಣಿಕರೆಂದು ಹೊಗಳಿ ಕೈತೊಳೆದುಕೊಳ್ಳುತ್ತೇವೆ. ಅವರಿಗೆ ಸೋಲು ಅಷ್ಟಾಗಿ ನೋಯುವುದಿಲ್ಲವೆಂದೂ ಊಹಿಸಿಕೊಳ್ಳುತ್ತೇವೆ. ಶುದ್ಧ ಸುಳ್ಳು. ಅವರಿಗೂ ಎಲ್ಲರಂತೆ, ಕೆಲವೊಮ್ಮೆ ಎಲ್ಲರಿಗಿಂತ ಹೆಚ್ಚಾಗಿ, ಗೆಲುವು ಬೇಕಿರುತ್ತದೆ. ಆದರೆ ಬಯಸಿದ್ದು ಕೈಗೆ ಬಂದ ಗಳಿಗೆಯಲ್ಲೂ ಅವರು ಮೊದಲು ಹುಡುಕುವುದು ತಮ್ಮ ತಪ್ಪನ್ನೇ. ಹಾಗೆ ಹುಡುಕುವವರಿಗೆ ಅದು ಸಿಕ್ಕೇ ಸಿಗುತ್ತದೆ, ಇಲ್ಲದಿದ್ದಾಗಲೂ.