ಆರು ಗಂಟೆಯ ದೀಪ

"ತಲೆ ಕಡೆ ಸ್ವಲ್ಪ ಎತ್ತಿ. ಗೋಡೆಗೆ ತಾಗತ್ತೆ, ನಿಧಾನ, ನಿಧಾನ."

ಮೂರನೆಯ ಮಹಡಿಯ ತಿರುವಿನಲ್ಲಿ ಅಕ್ಕನ ಹೆಣ ಹೊತ್ತವರು ನಿಂತು ಉಸಿರು ತೆಗೆದುಕೊಂಡರು. ಆ ಮೆಟ್ಟಿಲು ಬದುಕಿದ್ದವರಿಗೇ ಕಿರಿದು. ತಂಗಿ ಕಂಬಿ ಹಿಡಿದು ಹಿಂದೆ ಒಂದೊಂದೇ ಹೆಜ್ಜೆ ಇಳಿಯುತ್ತಿದ್ದಳು. ಅಕ್ಕನ ಮನೆಯಿಂದ ಕೆಳಗಿರುವ ತನ್ನ ಮನೆಗೆ ಎಪ್ಪತ್ತೆರಡು ಮೆಟ್ಟಿಲು. ಬೇಕರಿಯ ಒಲೆಯ ಮುಂದೆ ಇಪ್ಪತ್ತಾರು ವರ್ಷ ನಿಂತ ಅವಳ ಮಂಡಿಗೆ ಒಂದೊಂದರ ಪರಿಚಯವೂ ಇತ್ತು.

ಕೆಳಗೆ ಗಾಡಿ ಕಾದಿತ್ತು. ಅಕ್ಕನ ಎದುರುಮನೆಯ ಹೆಂಗಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಪಕ್ಕದವಳಿಗೆ ಹೇಳುತ್ತಿದ್ದಳು. ದನಿಗೆ ಮಾತ್ರ ಏನೂ ಅಡ್ಡವಿರಲಿಲ್ಲ.

"ಒಂದೇ ಬಿಲ್ಡಿಂಗು ಕಣ್ರೀ. ಬಚ್ಚಲಲ್ಲಿ ಬಿದ್ದು ಎರಡು ದಿನ! ಒಡಹುಟ್ಟಿದವಳಿಗೇ ಗೊತ್ತಾಗಿಲ್ಲ ಅಂದ್ರೆ..."

"ನಿಮ್ಮ ಬಾಗಿಲು ಅವರ ಬಾಗಿಲಿಗೆ ಎದುರೇ ಅಲ್ವಾ?" ಎಂದ ಬೀದಿಕೊನೆಯ ರಿಪೇರಿ ಅಂಗಡಿಯವನು. ಹೆಂಗಸಿನ ಕೈ ಕೆಳಗಿಳಿಯಿತು.

"ದೀಪ ಬಂದಿತ್ತು," ಎಂದಳು ತಂಗಿ. ನಿನ್ನೆ ಸಂಜೆ ಅಕ್ಕ ಸಿಕ್ಕಾಗಿನಿಂದ ಮೇಲಿನ ಮನೆಯಲ್ಲೇ ಕುಳಿತಿದ್ದ ಅವಳ ಬಾಯಲ್ಲಿ ಇದೊಂದೇ ಮಾತು. "ಮೊನ್ನೇನೂ ಬಂದಿತ್ತು, ನಿನ್ನೆ ಬೆಳಿಗ್ಗೇನೂ ಬಂದಿತ್ತು. ನನ್ನ ಕಣ್ಣಾರೆ ನೋಡಿದೀನಿ. ಡಾಕ್ಟ್ರು ಏನೋ ತಪ್ಪು ಹೇಳ್ತಿದಾರೆ."

ಮೊನ್ನೆ ಬೆಳಗಿನ ಜಾವ ಬಿದ್ದಿರಬೇಕು, ಸೊಂಟ ಮುರಿದಿದೆ, ಸಂಜೆಯವರೆಗಾದರೂ ಜೀವವಿತ್ತು ಎಂದಿದ್ದರು ಡಾಕ್ಟರು. ಅದು ನಿಜವಾದರೆ, ತಾನು ಬೇಕರಿಯಲ್ಲಿ ಬ್ರೆಡ್ಡು ಕಟ್ಟುತ್ತಿದ್ದ ಇಡೀ ದಿನ ಅಕ್ಕ ತಣ್ಣನೆಯ ನೆಲದ ಮೇಲೆ ಮಲಗಿ ತನ್ನನ್ನು ಕೂಗಿದ್ದಾಳೆ. ಆದ್ದರಿಂದ ಅದು ನಿಜವಾಗಕೂಡದು.

*

ಅಕ್ಕ ಮೂವತ್ತು ವರ್ಷ ಫ್ಯಾನು ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತಿದವಳು. ನಿವೃತ್ತಿಯಾದ ಮೇಲೂ ಬೆರಳುಗಳು ಸುಮ್ಮನಿರಲೊಲ್ಲವು. ಒಂದು ದಿನ ಕೆಟ್ಟ ರೇಡಿಯೊ ಹಿಡಿದು ಬೀದಿಕೊನೆಯ ರಿಪೇರಿ ಅಂಗಡಿಗೆ ಹೋದವಳು, ರೇಡಿಯೊ ಅಲ್ಲೇ ಮರೆತು, ಬೆಂಕಿಪೊಟ್ಟಣದಷ್ಟೇ ಇದ್ದ ಹಸಿರು ಎಲೆಕ್ಟ್ರಾನಿಕ್ ಬೋರ್ಡೊಂದನ್ನು ಕೊಂಡು ಬಂದಳು.

"ಅರವತ್ತಕ್ಕೆ ಅರಳುಮರಳು ಅಂತಾರೆ. ನಿಂಗೆ ಮೂರು ವರ್ಷ ತಡ ಆಯ್ತು," ತಂಗಿ ನಕ್ಕಳು.

"ಸುಮ್ನಿರೇ. ಇದಕ್ಕೆ ಏನು ಮಾಡಬೇಕು ಅಂತ ಕಂಪ್ಯೂಟರಲ್ಲಿ ಬರೆದು ತುಂಬಿದ್ರೆ, ಅಷ್ಟನ್ನೇ ಮಾಡತ್ತೆ. ನಿನ್ನ ಹಾಗೆ ಎದುರುಮಾತು ಇಲ್ಲ."

ಮೊದಲ ವಾರ ಮಾಡಿದ್ದು ಒಂದು ಪುಟ್ಟ ದೀಪ ಮಿಣಮಿಣ ಎನ್ನುವಂತೆ, ಅಷ್ಟೇ. ಎರಡೇ ದಿನಕ್ಕೆ ಸೆಲ್ಲು ಖಾಲಿ. ಅಕ್ಕ ಅಂಗಡಿಗೆ ಜಗಳಕ್ಕೇ ಹೋದಳು.

"ಮೇಡಂ, ನೀವು ಇದನ್ನ ಹಗಲೂ ರಾತ್ರಿ ಎಚ್ಚರ ಇಟ್ಟಿದೀರ," ಎಂದಿದ್ದ ಅವನು. "ಸೆಲ್ಲು ತಿನ್ನೋದು ಎಚ್ಚರ. ಮಲಗಿಸೋದು ಕಲೀರಿ. ಕೆಲಸ ಇದ್ದಾಗ ಕಣ್ಣು ಬಿಡಬೇಕು, ಮುಗಿಸಬೇಕು, ಮತ್ತೆ ಮಲಗಬೇಕು. ಆಗ ಇಷ್ಟೇ ಸೆಲ್ಲು ಎರಡು ವರ್ಷ ಬರತ್ತೆ."

"ನಮ್ಮ ಸೂಪರ್‌ವೈಸರ್ ಥರ ಅನ್ನಿ. ಅವನು ಮೂವತ್ತು ವರ್ಷ ಬಂದ."

ಕೈ ಕುದುರಿದ ಮೇಲೆ ಅಕ್ಕ ಮಾಡಿದ ಮೊದಲ ಉಪಯೋಗದ ವಸ್ತು ತಂಗಿಗಾಗಿ. ತಂಗಿ ದಿನಾ ಕೆಲಸಕ್ಕೆ ಹೊರಡುವ ಮುಂಚೆ ಮಂಡಿ ಒತ್ತಿಕೊಂಡು ಮೇಲೆ ಹತ್ತಿ, ಅಕ್ಕನ ಮುಖ ನೋಡಿ ಇಳಿಯುತ್ತಿದ್ದಳು. ಅಕ್ಕ ತನ್ನ ಹಾಸಿಗೆಯ ಪಕ್ಕ ಒಂದು ಬೋರ್ಡು, ಅದಕ್ಕೊಂದು ಸ್ವಿಚ್ಚು ಹಾಕಿದಳು. ಇನ್ನೊಂದನ್ನು ತಂಗಿಯ ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸಿದಳು.

"ನಾನು ಎದ್ದು ಒತ್ತಿದ್ರೆ ತಂತಿ ಇಲ್ದೇನೇ ಇಲ್ಲಿ ಹಸಿರು ದೀಪ. ದೀಪ ಬಂದ್ರೆ ಅಕ್ಕ ಇದಾಳೆ ಅಂತ. ಬರದಿದ್ರೆ ಮಾತ್ರ ಮೇಲೆ ಬಾ."

*

ಚಿತಾಗಾರದ ಹೊರಗೆ ಸಿಮೆಂಟಿನ ಬೆಂಚು. ಒಳಗಿನ ಕೆಲಸಕ್ಕೆ ಒಂದೂವರೆ ಗಂಟೆ ಎಂದಿದ್ದರು. ಉಳಿದವರು ಗೇಟಿನ ಬಳಿ ಮೊಬೈಲು ನೋಡುತ್ತ ನಿಂತಿದ್ದರು. ರಿಪೇರಿಯವನು ಬಂದು ತಂಗಿಯ ಪಕ್ಕ ಕುಳಿತ. ಬೆಳಗಿನಿಂದ ಏನೋ ಕೇಳಬೇಕೆಂದು ಒದ್ದಾಡುತ್ತಿದ್ದ.

"ಅಮ್ಮಾ, ದೀಪ ಎಷ್ಟು ಹೊತ್ತಿಗೆ ಬಂತು?"

"ನೋಡಿ, ನೀವಾದ್ರೂ ಕೇಳಿದ್ರಲ್ಲ!" ಅವಳ ಮುಖ ಅರಳಿತು. "ಸರಿಯಾಗಿ ಆರಕ್ಕೆ. ನಾನು ಗಡಿಯಾರ ನೋಡ್ತಾನೇ ಇದ್ದೆ. ಎರಡು ದಿನಾನೂ ಒಂದು ನಿಮಿಷ ಆಚೆ ಈಚೆ ಇಲ್ಲ."

ಅವನು ತಲೆ ತಗ್ಗಿಸಿದ.

"ಯಾಕೆ? ಹೇಳಿ."

"ಮುಂಚೆ ಹಾಗೆ ಬರ್ತಿತ್ತಾ?"

ಇಲ್ಲ. ಮುಂಚೆ ಒಂದು ದಿನ ಐದೂಮುಕ್ಕಾಲು, ಒಂದು ದಿನ ಐದೂ ಐವತ್ತು. ಅಕ್ಕನ ನಿದ್ದೆ ಹೇಗೋ ಹಾಗೆ.

"ಆವತ್ತು ನೀವು ಮೆಟ್ಟಿಲಲ್ಲಿ ಬಿದ್ರಲ್ಲ," ಎಂದ ಅವನು.

*

ಆ ದಿನ ಅಕ್ಕ ನಿದ್ದೆಯಲ್ಲಿ ಮೈಮರೆತಿದ್ದಳು. ಆರೂಕಾಲಾದರೂ ದೀಪವಿಲ್ಲ. ತಂಗಿ ಎದ್ದೆನೋ ಬಿದ್ದೆನೋ ಎಂದು ಓಡಿ, ಎರಡನೆಯ ಮಹಡಿಯಲ್ಲಿ ಮುಗ್ಗರಿಸಿ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರು ಕಟ್ಟಿದ ಕೈ ಹಿಡಿದು ಅಕ್ಕ ಚಿಕ್ಕ ಮಗುವಿನಂತೆ ಅತ್ತಿದ್ದಳು.

"ನನ್ನ ಸುಡುಗಾಡು ನಿದ್ದೆಗೆ ನಿನ್ನ ಕೈ ಹೋಯ್ತಲ್ಲೇ. ಇನ್ನೊಂದ್ಸಲ ಹೀಗಾಗಕ್ಕೆ ಬಿಡಲ್ಲ."

*

"ಮಾರನೇ ದಿನವೇ ಬಂದ್ರು," ರಿಪೇರಿಯವನು ನೆಲ ನೋಡುತ್ತಲೇ ಹೇಳಿದ. "ಆರರೊಳಗೆ ನಾನು ಒತ್ತದಿದ್ರೆ ಆರಕ್ಕೆ ಬೋರ್ಡು ತಾನೇ ಎದ್ದು ದೀಪ ಕಳಿಸಬೇಕು, ಹಾಗೆ ಬರೆದುಕೊಡಿ ಅಂದ್ರು. ಮೇಡಂ, ಹಾಗಾದ್ರೆ ದೀಪಕ್ಕೆ ಅರ್ಥವೇ ಇಲ್ಲ ಅಂದೆ. ಅವಳು ಓಡಿ ಬಂದು ಬೀಳಬಾರದು, ಅಷ್ಟೇ ಅರ್ಥ ಅಂದ್ರು. ನಾನೇ ಬರೆದುಕೊಟ್ಟೆ ಅಮ್ಮಾ. ನಿಮಗೆ ಹೇಳಬೇಡಿ ಅಂದಿದ್ರು, ಹೇಳಲಿಲ್ಲ."

ತಂಗಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಎದುರಿಗಿದ್ದರೆ ಅಕ್ಕನ ಕೆನ್ನೆಗೆ ಬಾರಿಸಿಬಿಡುತ್ತಿದ್ದಳು.

"ಅಂದ್ರೆ ಮೊನ್ನೆ ದೀಪ ಬರದಿದ್ರೆ ನಾನು ಹೋಗಿರ್ತಿದ್ದೆ."

ಅವನು ಅಂಗೈಯಿಂದ ಮುಖ ಒರೆಸಿಕೊಂಡ.

"ಬದುಕಿದ್ಲು ಆಗ. ನಾನು ಟೀ ಕುಡೀತಾ ದೀಪ ನೋಡಿ, ಎದ್ಲು ಮಹಾರಾಣಿ ಅಂದೆ. ಜೋರಾಗೇ ಅಂದೆ."

ಆಮೇಲೆ ಅಳು ಬಂತು. ಗೇಟಿನ ಬಳಿಯ ಜನ ತಿರುಗಿ ನೋಡಿದರು.

ಸಂಜೆ ಬೂದಿ ತಂದಾದ ಮೇಲೆ ಅವನು ಅವಳ ಬಾಗಿಲಲ್ಲಿ ನಿಂತ.

"ಮೇಲೆ ಹೋಗಿ ಸೆಲ್ಲು ತೆಗೆದುಬಿಡ್ತೀನಿ ಅಮ್ಮಾ. ಇಲ್ಲಾಂದ್ರೆ ದಿನಾ ಬರತ್ತೆ."

"ಎಷ್ಟು ದಿನ?"

"ಹೋದ ತಿಂಗಳು ಹೊಸದು ಹಾಕಿದ್ರು. ಎರಡು ವರ್ಷ."

"ಇರ್ಲಿ," ಎಂದಳು ತಂಗಿ. "ಅವಳು ಹಾಕಿದ್ದು. ಮುಟ್ಟಬೇಡಿ."

ಮರುದಿನ ಅವಳು ಎಂದಿನಂತೆ ಎದ್ದು ಟೀಗೆ ನೀರಿಟ್ಟಳು. ಕಿಟಕಿಯಾಚೆ ಇನ್ನೂ ಮಸುಕು. ಗಡಿಯಾರದ ಮುಳ್ಳು ಆರಕ್ಕೆ ಬಂತು. ಪ್ಲಗ್ಗಿನ ಮೇಲೆ ಹಸಿರು ದೀಪ ಬಂತು.

ಅವಳು ಒಲೆ ಆರಿಸಿ, ಅಕ್ಕನ ಮನೆಯ ಬೀಗದ ಕೈ ತೆಗೆದುಕೊಂಡು, ಕಂಬಿ ಹಿಡಿದು ಮಂಡಿ ಒತ್ತಿಕೊಳ್ಳುತ್ತ ಮೆಟ್ಟಿಲು ಹತ್ತತೊಡಗಿದಳು.